ಇಸಿಜಿ ಚೆನ್ನಾಗಿ ಬಂದರೆ ಸಾಕೆ?

ಹೃದಯದ ಪ್ರತಿಯೊಂದು ಬಡಿತವೂ ಎಲ್ಲಿಂದ ಶುರುವಾಗುತ್ತದೋ ಆ ಜಾಗದ ಸುಳಿವೇ ಇಸಿಜಿಯಲ್ಲಿ ಇರುವುದಿಲ್ಲ. ಮೈಗೆ ಹತ್ತು ತಂತಿ ಹಚ್ಚುತ್ತೇವೆ. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಎದೆಯ ಮೇಲೆ ಇನ್ನಾರು. ಚೌಕಳಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಹೊರಗೆ ಬರುತ್ತದೆ. ಅದರಲ್ಲಿ ಮೊದಲು ಕಾಣುವ ಸಣ್ಣ ಉಬ್ಬಿಗೆ ಪಿ ಅಲೆ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ. ಬಲ ಹೃತ್ಕರ್ಣದ, ಅಂದರೆ ಹೃದಯದ ಬಲಗಡೆಯ ಮೇಲಿನ ಕೋಣೆಯ ನೆತ್ತಿಯಲ್ಲಿ, ಮೇಲಿನ ಮಹಾಸಿರೆ ಬಂದು ಸೇರುವ ಮೂಲೆಯಲ್ಲಿ, ಒಂದೂವರೆ ಸೆಂಟಿಮೀಟರಿನಷ್ಟು ಉದ್ದದ ಸೈನಸ್ ನೋಡ್ ಎಂಬ ತುಣುಕು ತನ್ನ ಕೆಲಸ ಮುಗಿಸಿ ಸುಮ್ಮನಾಗಿರುತ್ತದೆ. ಅದರ ವಿದ್ಯುತ್ತು ಎಷ್ಟು ಸಣ್ಣದೆಂದರೆ ಚರ್ಮದ ಮೇಲೆ ಅಳೆಯಲು ಸಿಗುವುದೇ ಇಲ್ಲ. ನಮಗೆ ಕಾಣುವುದು ಹೃತ್ಕರ್ಣದ ಸ್ನಾಯುವಿಗೆ ಆ ಸುದ್ದಿ ಮುಟ್ಟಿದ್ದಷ್ಟೆ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬಹಳ ಕಾಲ ಇಸಿಜಿ ತೆಗೆದವಳು. ಈಗ ಅಲ್ಲೇ ಪೇಸ್‌ಮೇಕರ್ (ವಿದ್ಯುತ್ತಿನಿಂದ ಹೃದಯವನ್ನು ಬಡಿಸುವ ಸಾಧನ) ಕ್ಲಿನಿಕ್ ನೋಡಿಕೊಳ್ಳುವ ಟೆಕ್ನಿಷಿಯನ್. ಡಾಕ್ಟರಲ್ಲ, ಹಾಗಾಗಿ ಇದನ್ನು ಓದಿ ಯಾರೂ ಮಾತ್ರೆ ಬಿಡುವುದು, ಬದಲಾಯಿಸುವುದು ಬೇಡ. ಆದರೆ ಕಾಗದವನ್ನೂ ಮಂಚದ ಮೇಲೆ ಮಲಗಿದವರ ಮುಖವನ್ನೂ ಒಟ್ಟಿಗೆ ನೋಡುವ ಅವಕಾಶ ಡಾಕ್ಟರಿಗಿಂತ ನಮಗೇ ಹೆಚ್ಚು. ಅವೆರಡೂ ಯಾವಾಗಲೂ ಒಂದೇ ಮಾತು ಹೇಳುವುದಿಲ್ಲ. ಕಾಗದ ನೆಟ್ಟಗಾದ ಮಾತ್ರಕ್ಕೆ ಮನುಷ್ಯ ನೆಟ್ಟಗಾದ ಅಂತಲ್ಲ. ಹೃದಯದ ತಾಳಕ್ಕೆ ಚಿಕಿತ್ಸೆ ಮಾಡುವವರು ನೂರು ವರ್ಷದಲ್ಲಿ ಕಲಿತ ಪಾಠಗಳಲ್ಲಿ ದುಬಾರಿಯಾದದ್ದು ಇದೇ ಅಂತ ನನಗನ್ನಿಸುತ್ತದೆ.

ಮೊದಲು ದಾರಿ ಹೇಳಿಬಿಡುತ್ತೇನೆ. ಸೈನಸ್ ನೋಡ್‌ನಿಂದ ಹೊರಟ ವಿದ್ಯುತ್ತು ಎರಡೂ ಹೃತ್ಕರ್ಣಗಳಲ್ಲಿ ಹರಡುತ್ತದೆ. ಹೃತ್ಕರ್ಣಕ್ಕೂ ಕೆಳಗಿನ ಕೋಣೆಯಾದ ಹೃತ್ಕುಕ್ಷಿಗೂ ನಡುವೆ ವಿದ್ಯುತ್ತು ದಾಟದ ನಾರಿನ ಗೋಡೆಯಿದೆ. ದಾಟಲು ಇರುವುದು ಒಂದೇ ಬಾಗಿಲು, ಎವಿ ನೋಡ್. ಅಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತಡೆಯುತ್ತದೆ. ಹೃತ್ಕರ್ಣಗಳು ತಮ್ಮ ರಕ್ತವನ್ನು ಕೆಳಗೆ ಸುರಿದು ಮುಗಿಸಲು ಇಷ್ಟು ಹೊತ್ತು ಬೇಕು. ಆಮೇಲೆ ಹಿಸ್ ಕಟ್ಟು, ಅದರ ಎಡ ಬಲ ಕವಲುಗಳು, ಕೊನೆಗೆ ಪರ್ಕಿಂಜೆ ತಂತುಗಳು. ಇಲ್ಲಿ ವೇಗ ಸೆಕೆಂಡಿಗೆ ಎರಡರಿಂದ ನಾಲ್ಕು ಮೀಟರ್. ಇಡೀ ಹೃತ್ಕುಕ್ಷಿ ಹೆಚ್ಚೂಕಡಿಮೆ ಒಟ್ಟಿಗೇ ಹಿಂಡಿಕೊಳ್ಳುವುದು ಇದರಿಂದಲೇ. ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 60ರಿಂದ 100 ಸಲ, ದಿನಕ್ಕೆ ಸುಮಾರು ಒಂದು ಲಕ್ಷ ಸಲ.

ಈ ದಾರಿ ಪತ್ತೆಯಾದದ್ದು ಮಾತ್ರ ತಿರುವುಮುರುವಾಗಿ, ಕೊನೆಯಿಂದ ಮೊದಲಿಗೆ. ಪರ್ಕಿಂಜೆ ಎಂಬ ಚೆಕ್ ವಿಜ್ಞಾನಿ 1839ರಲ್ಲಿ ಕುರಿಯ ಹೃದಯದಲ್ಲಿ ಆ ತಂತುಗಳನ್ನು ಕಂಡ. ಅವು ಯಾತಕ್ಕೆಂದು ಆಗ ಗೊತ್ತಿರಲಿಲ್ಲ. 1893ರಲ್ಲಿ ವಿಲ್ಹೆಲ್ಮ್ ಹಿಸ್ ನಡುವಿನ ಕಟ್ಟನ್ನು ಹುಡುಕಿದ. ಜಪಾನಿನಿಂದ ಜರ್ಮನಿಯ ಮಾರ್ಬುರ್ಗ್‌ಗೆ ಓದಲು ಹೋಗಿದ್ದ ಸುನಾವೊ ತವಾರ, ಗುರು ಲುಡ್ವಿಗ್ ಆಶೋಫ್ ಅವರ ಪ್ರಯೋಗಾಲಯದಲ್ಲಿ ಕುಳಿತು, ಹೃದಯವನ್ನು ತೆಳ್ಳಗೆ ಹೋಳು ಮಾಡಿ ಒಂದೊಂದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಎವಿ ನೋಡ್ ಕಂಡುಕೊಂಡದ್ದಲ್ಲದೆ, ಅಲ್ಲಿಂದ ಪರ್ಕಿಂಜೆಯ ತಂತುಗಳವರೆಗೆ ಇರುವುದು ಒಂದೇ ಜಾಲವೆಂದು 1906ರಲ್ಲಿ ತೋರಿಸಿದ. ಮೂಲ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ. ಇಂಗ್ಲೆಂಡಿನ ಕೆಂಟ್ ಸೀಮೆಯ ಒಂದು ಹಳ್ಳಿಮನೆಯಲ್ಲಿ ಅಂಗರಚನಾ ವಿಜ್ಞಾನಿ ಆರ್ಥರ್ ಕೀತ್ ಸೈಕಲ್ ಸವಾರಿಗೆ ಹೋಗಿದ್ದಾಗ, ಮನೆಯಲ್ಲೇ ಉಳಿದಿದ್ದ ವೈದ್ಯಕೀಯ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್ ಮೋಲ್ ಎಂಬ ಬಿಲ ತೋಡುವ ಪುಟ್ಟ ಪ್ರಾಣಿಯ ಹೃದಯದಲ್ಲಿ ಸೈನಸ್ ನೋಡ್ ಗುರುತಿಸಿದ. ಇಬ್ಬರೂ ಅದನ್ನು ಪ್ರಕಟಿಸಿದ್ದು 1907ರಲ್ಲಿ. ಅಷ್ಟರಲ್ಲಿ ಹಾಲೆಂಡಿನ ಲೈಡನ್ನಿನ ವಿಜ್ಞಾನಿ ಐಂತೋವನ್ ಇಸಿಜಿ ತೆಗೆಯಲು ಶುರುಮಾಡಿಯಾಗಿತ್ತು. ಮೂಲ ಯಾವುದೆಂದು ತಿಳಿಯುವ ಮೊದಲೇ ಅದರ ಬರಹ ಕಾಗದದ ಮೇಲಿತ್ತು.

ಸೈನಸ್ ನೋಡ್‌ಗೆ ಅಪ್ಪಣೆ ಕೊಡುವವರು ಯಾರೂ ಇಲ್ಲ. ಮಿಕ್ಕ ಸ್ನಾಯುಕೋಶಗಳು ಒಂದು ಬಡಿತ ಮುಗಿದ ಮೇಲೆ ಯಾರಾದರೂ ಎಬ್ಬಿಸುವ ತನಕ ಸುಮ್ಮನಿರುತ್ತವೆ. ಈ ಕೋಶಗಳು ಸುಮ್ಮನಿರಲಾರವು. ಬಡಿತ ಮುಗಿಯುತ್ತಿದ್ದ ಹಾಗೇ ಹೊರಗಿನ ಸೋಡಿಯಂ ಅಯಾನುಗಳು ಸಣ್ಣಗೆ ಒಳಗೆ ಸೋರತೊಡಗಿ, ಮಿತಿ ಮುಟ್ಟಿದೊಡನೆ ಇನ್ನೊಂದು ಬಡಿತ. 1979ರಲ್ಲಿ ಆಕ್ಸ್‌ಫರ್ಡ್‌ನವರು ಈ ಸೋರಿಕೆಯನ್ನು ಅಳೆದಾಗ, ಬೇರೆ ಪ್ರವಾಹಗಳು ಮುಚ್ಚಿಕೊಳ್ಳುವ ಹೊತ್ತಿನಲ್ಲಿ ಇದು ತೆರೆದುಕೊಳ್ಳುವುದನ್ನು ಕಂಡು ಅದಕ್ಕೆ 'ಫನ್ನಿ ಕರೆಂಟ್' ಅಂತಲೇ ಹೆಸರಿಟ್ಟರು. ಪಠ್ಯಪುಸ್ತಕದಲ್ಲೂ ಈಗ ಅದೇ ಹೆಸರು. ಸೈನಸ್ ನೋಡ್ ಕೈಕೊಟ್ಟರೆ ಎವಿ ನೋಡ್ ಸುತ್ತಲಿನ ಕೋಶಗಳು ನಿಮಿಷಕ್ಕೆ 40ರಿಂದ 60ರಂತೆ ಬಡಿಸುತ್ತವೆ. ಅವೂ ಕೈಬಿಟ್ಟರೆ ಪರ್ಕಿಂಜೆ ತಂತುಗಳು, 20ರಿಂದ 40. ಜೀವ ಹಿಡಿದಿಡಲು ಸಾಕು, ಮೆಟ್ಟಿಲು ಹತ್ತಲು ಸಾಲದು.

ತಂತಾನೇ ಬಿಟ್ಟರೆ ದೊಡ್ಡವರ ಸೈನಸ್ ನೋಡ್ ನಿಮಿಷಕ್ಕೆ ಸುಮಾರು ನೂರರಂತೆ ಓಡುತ್ತದೆ. ಬೇರೆಯವರ ಹೃದಯ ಕಸಿ ಮಾಡಿಸಿಕೊಂಡವರ ನಾಡಿ ನೋಡಿದರೆ ಗೊತ್ತಾಗುತ್ತದೆ. ನರಗಳ ಸಂಪರ್ಕ ಕಡಿದಿರುವುದರಿಂದ ಕೂತಲ್ಲೇ 90, 100. ನಮ್ಮನ್ನೆಲ್ಲ ಎಪ್ಪತ್ತರ ಆಸುಪಾಸಿನಲ್ಲಿ ಇಟ್ಟಿರುವುದು ಮೆದುಳಿನಿಂದ ಇಳಿದುಬರುವ ವೇಗಸ್ ನರದ ಲಗಾಮು. ಉಸಿರು ಒಳಗೆಳೆದಾಗ ಆ ಲಗಾಮು ತುಸು ಸಡಿಲ, ಬಿಟ್ಟಾಗ ಬಿಗಿ. ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರ ಇಸಿಜಿಯಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ: ಎರಡು ಬಡಿತಗಳ ನಡುವಿನ ದೊಡ್ಡ ಚೌಕಗಳು ಒಮ್ಮೆ ಮೂರು, ಒಮ್ಮೆ ನಾಲ್ಕೂವರೆ. ಕೆಲಸಕ್ಕೆ ಸೇರುವ ಮುಂಚಿನ ತಪಾಸಣೆಗೆ ಬಂದ ಮಗು ವರದಿಯ ಮೇಲೆ ಯಂತ್ರ ಮುದ್ರಿಸಿದ 'ಅರಿತ್ಮಿಯಾ', ಅಂದರೆ ತಾಳದೋಷ, ಎಂಬ ಪದ ಓದಿ ಬೆವರಿದ್ದನ್ನು ಎಷ್ಟು ಸಲ ಕಂಡಿದ್ದೇನೋ. ಅದು ಆರೋಗ್ಯದ ಲಕ್ಷಣ. ವಯಸ್ಸಾದಂತೆ, ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿದಂತೆ ಈ ಏರಿಳಿತ ಕಡಿಮೆಯಾಗುತ್ತದೆ. ಗಡಿಯಾರದ ಹಾಗೆ ಒಂದೇ ಸಮ ಬಡಿಯುವ ಎದೆಯನ್ನು ನೋಡಿ ಖುಷಿಪಡುವಂಥದ್ದೇನೂ ಇಲ್ಲ.

ಇನ್ನು ನಿಜವಾಗಿ ತಾಳ ತಪ್ಪುವುದಕ್ಕೆ ಬರೋಣ. ನಮ್ಮಲ್ಲಿಗೆ ಬರುವವರಲ್ಲಿ ಬಹುಪಾಲು ಜನರ ದೂರು ಒಂದೇ. ರಾಯಚೂರು ಕಡೆಯ ಹೆಂಗಸೊಬ್ಬರು ಅದನ್ನು ಹೇಳಿದಷ್ಟು ಸರಿಯಾಗಿ ಯಾವ ಪುಸ್ತಕವೂ ಹೇಳಿಲ್ಲ: "ಎದ್ಯಾಗ ಒಂದು ಬಡಿತ ತಪ್ಪಿದಂಗ ಆಗತದ್ರಿ ಸಿಸ್ಟರ್, ಅದರ ಮುಂದಿಂದು ಧಡ್ ಅಂತ ಜೋರ್ ಬಡೀತದ್ರಿ." ಹೃತ್ಕುಕ್ಷಿಯ ಯಾವುದೋ ಮೂಲೆಯ ಕೋಶಗಳು ಸರದಿ ಬರುವ ಮೊದಲೇ ಬಡಿದಾಗ ಆಗುವುದು ಹೀಗೇ. ಅಷ್ಟು ಬೇಗ ಬಡಿದರೆ ಹೃದಯದಲ್ಲಿ ಇನ್ನೂ ರಕ್ತ ತುಂಬಿರುವುದಿಲ್ಲ, ನಾಡಿಗೆ ಅದು ಮುಟ್ಟುವುದಿಲ್ಲ, ತಪ್ಪಿದಂತೆ ಅನ್ನಿಸುತ್ತದೆ. ಮುಂದಿನದಕ್ಕೆ ಹೆಚ್ಚು ಹೊತ್ತು ಸಿಕ್ಕಿ ರಕ್ತ ಜಾಸ್ತಿ ತುಂಬಿ ಬಡಿತ ಜೋರಾಗುತ್ತದೆ. ಕಾಗದದ ಮೇಲೆ ಇದು ಅಗಲವಾಗಿ, ವಿಕಾರವಾಗಿ, ಪಕ್ಕದ ಬಡಿತಗಳ ಜೊತೆ ಯಾವ ನಂಟೂ ಇಲ್ಲದಂತೆ ಬರುತ್ತದೆ. ಹೃದಯ ಗಟ್ಟಿಯಿದ್ದವರಲ್ಲಿ ಅಪರೂಪಕ್ಕೆ ಬರುವ ಇಂಥ ಬಡಿತಕ್ಕೆ ಸಾಮಾನ್ಯವಾಗಿ ಮದ್ದೇ ಬೇಡ.

ಹೃದಯಾಘಾತ ಆದವರ ಕತೆ ಬೇರೆ. ಅವರಲ್ಲಿ ಇಂಥ ಅಡ್ಡ ಬಡಿತಗಳು ಹೆಚ್ಚಿದ್ದರೆ ಸಾವೂ ಹೆಚ್ಚು ಎಂದು ಎಪ್ಪತ್ತು ಎಂಬತ್ತರ ದಶಕದಲ್ಲೇ ಗೊತ್ತಾಗಿತ್ತು. ಅವನ್ನು ಅಡಗಿಸುವ ಮಾತ್ರೆಗಳೂ ಇದ್ದವು: ಫ್ಲೆಕೈನೈಡ್, ಎನ್‌ಕೈನೈಡ್. ಮಾತ್ರೆ ಕೊಟ್ಟು ಇಸಿಜಿ ತೆಗೆದರೆ ಅಡ್ಡ ಬಡಿತಗಳು ಮಾಯ. ಕಾರಣ ಕಂಡಿತು, ಮದ್ದೂ ಕಂಡಿತು, ಕಾಗದವೂ ಶುಭ್ರವಾಯಿತು, ಇನ್ನೇನು ಬೇಕು? ಅಮೆರಿಕದಲ್ಲಿ ಲಕ್ಷಾಂತರ ಜನ ಈ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರು. 1987ರಲ್ಲಿ ಕಾಸ್ಟ್ ಎಂಬ ಪ್ರಯೋಗ ಶುರುವಾದಾಗ, ಅರ್ಧ ಜನಕ್ಕೆ ಮದ್ದೇ ಇಲ್ಲದ ಹುಸಿಮಾತ್ರೆ ಕೊಡುವುದು ಅನ್ಯಾಯವಲ್ಲವೇ ಎಂದು ಅನುಮಾನಪಟ್ಟ ವೈದ್ಯರಿದ್ದರು. ಪ್ರಯೋಗಕ್ಕೆ ಸೇರಿಸಿಕೊಂಡದ್ದು ಕೂಡ ಮಾತ್ರೆಯಿಂದ ಅಡ್ಡ ಬಡಿತ ನಿಂತದ್ದನ್ನು ಮೊದಲೇ ಪರೀಕ್ಷಿಸಿ ನೋಡಿದವರನ್ನು ಮಾತ್ರ. ಅಂದರೆ ಮದ್ದು ಕೆಲಸ ಮಾಡಿದವರನ್ನೇ.

1989ರಲ್ಲಿ ಆ ಎರಡು ಮಾತ್ರೆಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸರಾಸರಿ ಹತ್ತು ತಿಂಗಳಲ್ಲಿ ಮಾತ್ರೆ ತೆಗೆದುಕೊಂಡ 755 ಜನರಲ್ಲಿ 63 ಮಂದಿ ಸತ್ತಿದ್ದರು. ಹುಸಿಮಾತ್ರೆಯ 743 ಜನರಲ್ಲಿ ಸತ್ತವರು 26. ಗಾಯಗೊಂಡ ಹೃದಯದಲ್ಲಿ ವಿದ್ಯುತ್ತಿನ ಹರಿವನ್ನು ನಿಧಾನ ಮಾಡಿದ ಮದ್ದು ಸಣ್ಣ ತಪ್ಪುಗಳನ್ನು ಅಳಿಸಿತ್ತು, ಕೊಲ್ಲುವ ದೊಡ್ಡ ತಪ್ಪಿಗೆ ಹಾದಿ ಮಾಡಿತ್ತು. ಸತ್ತವರೆಲ್ಲ ಒಂದು ಕಾಲಕ್ಕೆ ಒಳ್ಳೆಯ ಇಸಿಜಿ ತೋರಿಸಿದವರೇ.

ಈ ಲೆಕ್ಕವನ್ನು ಮೊದಲ ಸಲ ನಮಗೆ ಪಾಠ ಮಾಡಿದವರು ಇದನ್ನು ಬೋರ್ಡಿನ ಮೇಲೆ ಬರೆದು ಏನೂ ಹೇಳದೆ ಕೂತುಬಿಟ್ಟಿದ್ದರು. ಫ್ಲೆಕೈನೈಡ್ ಇವತ್ತಿಗೂ ಇದೆ. ಹೃದಯದ ರಚನೆ ಸರಿಯಿದ್ದು ಬೇರೆ ಬಗೆಯ ತಾಳದೋಷ ಇರುವವರಿಗೆ ಅದು ಒಳ್ಳೆಯ ಮದ್ದು, ಹೃದಯಾಘಾತವಾದವರಿಗೆ ಕೊಡುವುದಿಲ್ಲ. ಅದೇ ಮಾತ್ರೆ, ಬೇರೆ ಹೃದಯ. ತಾಳ ಸರಿಮಾಡುವ ಮಾತ್ರೆ ಬರೆಯುವ ಮೊದಲು ಎಕೋ (ಹೃದಯದ ರಚನೆ ತೋರಿಸುವ ಸ್ಕ್ಯಾನ್) ಮಾಡಿಸಿ ಬನ್ನಿ ಅಂತ ಡಾಕ್ಟರು ಕಳಿಸಿದಾಗ, 'ಇಸಿಜಿ ಆಯ್ತಲ್ಲ, ಮತ್ತೆ ಇದ್ಯಾಕೆ, ದುಡ್ಡು ಕೀಳೋಕೆ' ಎಂದು ಗೊಣಗುವವರಿಗೆ ಇದನ್ನು ಹೇಳಬೇಕು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಸಾಲು ಉದ್ದ ಇರುತ್ತದೆ, ಹೇಳಲಾಗುವುದಿಲ್ಲ.

ಒಮ್ಮೆಗೇ ನಿಮಿಷಕ್ಕೆ 180, 200ಕ್ಕೆ ಹಾರಿ, ಅಷ್ಟೇ ಥಟ್ಟನೆ ನಿಂತುಬಿಡುವ ಬಡಿತಕ್ಕೆ ಎಸ್‌ವಿಟಿ ಎನ್ನುತ್ತೇವೆ. ಹೆಚ್ಚಾಗಿ ವಯಸ್ಸಿನ ಹುಡುಗಿಯರು, ಮೂವತ್ತು ನಲವತ್ತರ ಹೆಂಗಸರು ಇದರಿಂದ ಬರುತ್ತಾರೆ. ಬರುವ ಮೊದಲು ಹಲವರಿಗೆ 'ಗಾಬರಿ ಸ್ವಭಾವ' ಎಂಬ ಹಣೆಪಟ್ಟಿ ಬಿದ್ದಿರುತ್ತದೆ, ಯಾಕೆಂದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ನಿಂತು ಇಸಿಜಿ ನಾರ್ಮಲ್. ಇದೂ ಕಾಗದ ಕೈಕೊಡುವ ಇನ್ನೊಂದು ಬಗೆ. ಇಂಥವರಿಗೆ ನಾನು ಹೇಳುವುದು ಒಂದೇ: ಎದೆ ಹೊಡೆದುಕೊಳ್ಳುತ್ತಿರುವಾಗಲೇ ಹತ್ತಿರದ ಯಾವುದಾದರೂ ಕ್ಲಿನಿಕ್ಕಿಗೆ ಹೋಗಿ ಒಂದು ಇಸಿಜಿ ತೆಗೆಸಿ, ಆ ಕಾಗದವನ್ನು ಚಿನ್ನದಂತೆ ಕಾಪಾಡಿ.

ಇದರ ಒಳಗುಟ್ಟು ಬಿಡಿಸಿದವರು ಶರೀರಕ್ರಿಯಾ ವಿಜ್ಞಾನಿ ಜಾರ್ಜ್ ರಾಲ್ಫ್ ಮೈನ್ಸ್. ಹೃದಯದ ಸ್ನಾಯುವಿನ ಒಂದು ಉಂಗುರದಲ್ಲಿ ವಿದ್ಯುತ್ತಿನ ಅಲೆಯನ್ನು ಒಂದೇ ದಿಕ್ಕಿಗೆ ಹೊರಡಿಸಿದರೆ, ಅದು ಸುತ್ತಿ ಬರುವಷ್ಟರಲ್ಲಿ ಹೊರಟ ಜಾಗ ಸುಧಾರಿಸಿಕೊಂಡಿರುತ್ತದೆ. ಅಲೆ ಮತ್ತೆ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಇದನ್ನು ಅವರು 1913, 14ರಲ್ಲಿ ಬರೆದರು. 1914ರ ನವೆಂಬರಿನಲ್ಲಿ, 28ನೇ ವಯಸ್ಸಿನಲ್ಲಿ, ಕೆನಡಾದ ಮಾಂಟ್ರಿಯಲ್‌ನ ತಮ್ಮ ಪ್ರಯೋಗಾಲಯದಲ್ಲಿ ಉಪಕರಣಗಳು ಮೈಗೆ ಹಚ್ಚಿಕೊಂಡಿದ್ದ ಸ್ಥಿತಿಯಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ದವರು ಅದೇ ದಿನ ತೀರಿಕೊಂಡರು. ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತಿದ್ದರೆಂದು ಬಹಳ ಮಂದಿಯ ಊಹೆ. ಎಸ್‌ವಿಟಿ ಬಹುಪಾಲು ಇಂಥ ಸುತ್ತು. ಸಾಮಾನ್ಯವಾಗಿ ಆ ಸುತ್ತಿನ ಒಂದು ಭಾಗ ಎವಿ ನೋಡ್ ಮೂಲಕವೇ ಹಾದುಹೋಗುತ್ತದೆ. ಆ ನೋಡನ್ನು ಕೆಲವು ಸೆಕೆಂಡು ತಡೆದರೆ ಸುತ್ತು ಕಡಿದಂತೆ.

ತಡೆಯಲು ಮೊದಲ ಉಪಾಯಕ್ಕೆ ಹತ್ತು ಎಂಎಲ್ ಸಿರಿಂಜೊಂದು ಸಾಕು. ಅರ್ಧ ಕೂತ ಭಂಗಿಯಲ್ಲಿ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ದಂಡ ಅಲ್ಲಾಡುವಷ್ಟು ಜೋರಾಗಿ ಹದಿನೈದು ಸೆಕೆಂಡು ಊದಬೇಕು. ಊದಿದ ತಕ್ಷಣ ಅವರನ್ನು ಅಂಗಾತ ಮಲಗಿಸಿ ಎರಡೂ ಕಾಲುಗಳನ್ನು ಮೇಲೆತ್ತಿ ಹಿಡಿಯುತ್ತೇವೆ. ವೇಗಸ್ ನರ ಲಗಾಮು ಎಳೆಯುತ್ತದೆ. ಕಾಲೆತ್ತದೆ ಬರೀ ಊದಿಸಿದಾಗ ನೂರರಲ್ಲಿ 17 ಜನಕ್ಕೆ ಬಡಿತ ಹದಕ್ಕೆ ಬಂದರೆ, ಕಾಲೆತ್ತಿದಾಗ 43 ಜನಕ್ಕೆ ಬಂತು ಎಂದು 2015ರಲ್ಲಿ ಇಂಗ್ಲೆಂಡಿನ ಪ್ರಯೋಗವೊಂದು ತೋರಿಸಿತು. ಖರ್ಚಿಲ್ಲದ, ಅಪಾಯ ಕಡಿಮೆಯಿರುವ ಉಪಾಯ. ಆದರೂ ಇಂಜೆಕ್ಷನ್ ಕೊಡದಿದ್ದರೆ ಟ್ರೀಟ್‌ಮೆಂಟೇ ಆಗಲಿಲ್ಲ ಎನ್ನುವ ಜನ ನಾವು.

ಇಂಜೆಕ್ಷನ್ ಎಂದರೆ ಅಡಿನೋಸಿನ್. ಮೊಣಕೈ ಸಂದಿನ ದಪ್ಪ ರಕ್ತನಾಳದಲ್ಲಿ ಆರು ಮಿಲಿಗ್ರಾಂ ರಪ್ಪನೆ ಹೊಡೆದು, ಹಿಂದೆಯೇ ಸಲೈನ್ ತಳ್ಳಬೇಕು. ರಕ್ತದಲ್ಲಿ ಅದರ ಅರ್ಧಾಯುಷ್ಯ ಹತ್ತು ಸೆಕೆಂಡಿಗೂ ಕಮ್ಮಿ. ಆ ಹೊತ್ತಿನಲ್ಲಿ ಇಸಿಜಿ ಓಡುತ್ತಲೇ ಇರಬೇಕು, ಅದು ನನ್ನ ಕೆಲಸವಾಗಿತ್ತು. ಒತ್ತೊತ್ತಾಗಿ ಮೂಡುತ್ತಿದ್ದ ಬಡಿತ ಇದ್ದಕ್ಕಿದ್ದಂತೆ ನಿಂತು, ಕಾಗದದ ಮೇಲೆ ಬರೀ ಗೆರೆ ಬರುತ್ತದೆ. ಎರಡು ಸೆಕೆಂಡು, ಮೂರು, ಕೆಲವೊಮ್ಮೆ ಇನ್ನೂ ಜಾಸ್ತಿ. ಕೋಣೆಯಲ್ಲಿ ಯಾರೂ ಉಸಿರಾಡುವುದಿಲ್ಲ. ಆಮೇಲೆ ಒಂದು ಬಡಿತ, ತಡೆದು ಇನ್ನೊಂದು, ಆಮೇಲೆ ಏನೂ ಆಗಿಲ್ಲವೆಂಬಂತೆ ನಿಮಿಷಕ್ಕೆ 90. ಮಂಡ್ಯದ ಕಡೆಯ ಒಬ್ಬರು ಎದ್ದು ಕೂತು ಹೇಳಿದ್ದು: "ಮೇಡಂ, ಸತ್ತೇ ಓದೆ ಅನ್ಕಂಡೆ." ಎಲ್ಲರಿಗೂ ಹಾಗನ್ನಿಸುತ್ತದೆ. ಮುಂಚೆಯೇ ಹೇಳಿ ಕೊಟ್ಟರೂ ಅನ್ನಿಸುತ್ತದೆ.

ಪದೇ ಪದೇ ಬರುವವರಿಗೆ ಅಬ್ಲೇಶನ್. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೀನುಗಾರನೊಬ್ಬನ ಎದೆಯನ್ನೇ ತೆರೆದು, ಹುಟ್ಟಿನಿಂದ ಇದ್ದ ಹೆಚ್ಚುವರಿ ವಿದ್ಯುತ್ ದಾರಿಯನ್ನು ಕತ್ತರಿಸಿದ್ದರು. ಈಗ ತೊಡೆಸಂದಿನ ರಕ್ತನಾಳದಿಂದ ತಂತಿಗಳನ್ನು ಹೃದಯಕ್ಕೆ ಏರಿಸಿ, ಸುತ್ತಿನ ದಾರಿ ಪತ್ತೆಹಚ್ಚಿ, ಕೆಲವೇ ಮಿಲಿಮೀಟರ್ ಜಾಗವನ್ನು ರೇಡಿಯೋ ಅಲೆಯ ಬಿಸಿಯಿಂದ ಸುಡುತ್ತಾರೆ. ಸಾಮಾನ್ಯ ಎಸ್‌ವಿಟಿಗೆ ನೂರಕ್ಕೆ 95ಕ್ಕೂ ಹೆಚ್ಚು ಜನ ಒಂದೇ ಸಲಕ್ಕೆ ಗುಣ. ಹೃದಯದ ಕಾಯಿಲೆಗಳಲ್ಲಿ 'ಗುಣವಾಯಿತು, ಇನ್ನು ಮಾತ್ರೆ ಬೇಡ' ಎಂದು ಹೇಳಿ ಮನೆಗೆ ಕಳಿಸುವಂಥವು ಬಹಳ ಇಲ್ಲ, ಇದೊಂದು. ಸುಡುವ ಜಾಗ ಎವಿ ನೋಡ್‌ಗೆ ಅಂಟಿಕೊಂಡಿದ್ದರೆ ನೋಡ್‌ಗೇ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವ ಸಣ್ಣ ಅಪಾಯವಿದೆ. ಸಹಿ ಹಾಕಿಸಿಕೊಳ್ಳುವಾಗ ಅದನ್ನು ಹೇಳುತ್ತಾರೆ, ಕೇಳಿಸಿಕೊಳ್ಳಿ.

ಏಟ್ರಿಯಲ್ ಫಿಬ್ರಿಲೇಶನ್, ನಾವು ಎಎಫ್ ಅನ್ನುವುದು, ಇಷ್ಟು ಸಲೀಸಲ್ಲ. ಹೃತ್ಕರ್ಣ ಬಡಿಯುವುದನ್ನು ಬಿಟ್ಟು ನಡುಗುತ್ತಿರುತ್ತದೆ. ನಿಮಿಷಕ್ಕೆ 350ರಿಂದ 600 ಸಂಕೇತ. ಎಲ್ಲವೂ ಕೆಳಗಿಳಿದರೆ ಕತೆ ಮುಗಿಯಿತು. ಎವಿ ನೋಡ್ ಇಲ್ಲಿ ಕೆರೆಯ ತೂಬು; ಮೇಲೆ ಎಷ್ಟು ನೀರು ಕುದಿದರೂ ತನ್ನ ಕಂಡಿಯಲ್ಲಿ ಹಿಡಿಸಿದಷ್ಟನ್ನೇ ಬಿಡುತ್ತದೆ. 110, 140, 160, ಅದೂ ಯಾವ ಲೆಕ್ಕಕ್ಕೂ ಸಿಗದ ಅಂತರದಲ್ಲಿ. ಇಸಿಜಿಯಲ್ಲಿ ಪಿ ಅಲೆಯೇ ಇರುವುದಿಲ್ಲ. ಇಲ್ಲೊಂದು ಕಿವಿಮಾತು, ನಮ್ಮ ಕಸುಬಿನವರಿಗೆ: ಚಳಿಗೆ ನಡುಗುವವರ, ಪಾರ್ಕಿನ್ಸನ್ ಇರುವವರ ಇಸಿಜಿಯೂ ಎಎಫ್ ಥರ ಕಾಣುತ್ತದೆ. ಏಸಿ ಕಮ್ಮಿ ಮಾಡಿ, ಹೊದಿಕೆ ಹೊದಿಸಿ, ಇನ್ನೊಮ್ಮೆ ತೆಗೆಯಿರಿ.

ಎಎಫ್‌ನಲ್ಲಿ ಕೊಲ್ಲುವುದು ತಾಳವಲ್ಲ, ಹೆಪ್ಪು. ನಡುಗುವ ಹೃತ್ಕರ್ಣದ ಕಿವಿಯಂಥ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಮೆದುಳಿಗೆ ಹಾರಿ ಪಾರ್ಶ್ವವಾಯು. ಹಾಗಾಗಿ ತಾಳ ಸರಿಯಾಗಲಿ ಬಿಡಲಿ, ಯಾರಿಗೆ ಆ ಅಪಾಯ ಹೆಚ್ಚೋ ಅವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಬೇಕೇ ಬೇಕು. ಶ್ರೀಮಂತ ದೇಶಗಳಲ್ಲಿ ಎಎಫ್ ಮುಖ್ಯವಾಗಿ ಮುದುಕರ ಕಾಯಿಲೆ. ನಮ್ಮಲ್ಲಿ ಮೂವತ್ತರ ಹೆಂಗಸರಿಗೂ ಇದೆ, ಯಾಕೆಂದರೆ ಚಿಕ್ಕಂದಿನಲ್ಲಿ ಬಂದ ಗಂಟಲು ನೋವು, ಅದರ ಹಿಂದೆ ಬಂದ ರುಮ್ಯಾಟಿಕ್ ಜ್ವರ ಎಡ ಹೃತ್ಕರ್ಣದ ಬಾಗಿಲಾದ ಮೈಟ್ರಲ್ ಕವಾಟವನ್ನು ಕಿರಿದು ಮಾಡಿ ಎಡ ಹೃತ್ಕರ್ಣವನ್ನು ಹಿಗ್ಗಿಸಿರುತ್ತದೆ. ರಕ್ತ ತೆಳುವಾಗಿಸುವ ಹೊಸ ಮಾತ್ರೆಗಳು ಬಂದ ಮೇಲೆ ರಕ್ತ ಪರೀಕ್ಷೆಯ ಕಾಟ ತಪ್ಪಿತು ಎಂದು ಎಲ್ಲರೂ ಸಂಭ್ರಮಿಸಿದರು. ಆದರೆ ಆ ಮಾತ್ರೆಗಳ ಮೊದಲ ದೊಡ್ಡ ಪ್ರಯೋಗಗಳಲ್ಲಿ ಹೀಗೆ ಕವಾಟ ತೀರಾ ಕಿರಿದಾದವರನ್ನು ಸೇರಿಸಿಕೊಂಡಿರಲಿಲ್ಲ. ಕೊನೆಗೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ 24 ದೇಶಗಳ ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ಇನ್‌ವಿಕ್ಟಸ್ ಪ್ರಯೋಗ ನಡೆದು 2022ರಲ್ಲಿ ಫಲಿತಾಂಶ ಬಂದಾಗ ಗೆದ್ದದ್ದು ಹಳೆಯ ಬಗೆಯ ಮದ್ದೇ. ಹೊಸ ಮಾತ್ರೆ ರಿವರಾಕ್ಸಬಾನ್ ಪಡೆದವರಲ್ಲಿ ಸಾವು ಹೆಚ್ಚಿತ್ತು.

ಹಾಗಾಗಿ ನಮ್ಮ ಕವಾಟದ ರೋಗಿಗಳಿಗೆ ಹಳೆಯ ಮದ್ದುಗಳಾದ ವಾರ್ಫರಿನ್, ಅಸಿಟ್ರಾಮ್ ಇನ್ನೂ ಉಂಟು, ಅದರ ಜೊತೆಗೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಪಿಟಿ ಐಎನ್‌ಆರ್ ಪರೀಕ್ಷೆಯೂ ಉಂಟು. ಅಂಕಿ ಎರಡರಿಂದ ಮೂರರೊಳಗೆ ನಿಲ್ಲಬೇಕು. ಸೊಪ್ಪಿನ ವಿಟಮಿನ್ ಕೆ ಈ ಮದ್ದಿನ ಎದುರಾಳಿ. ಯಾರೋ 'ಸೊಪ್ಪು ತಿನ್ನಬೇಡಿ' ಎಂದು ಹೇಳಿರುತ್ತಾರೆ. ಬಸ್ಸಾರು, ಮಸ್ಸೊಪ್ಪು ಇಲ್ಲದೆ ಊಟವೇ ಇಲ್ಲದ ಮನೆಯವರು ಏನು ಮಾಡಬೇಕು? ಬಿಡಬೇಕಿಲ್ಲ. ವಾರವೆಲ್ಲ ಹೆಚ್ಚೂಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ, ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತಾರೆ. ಒಂದು ವಾರ ಪೂರ್ತಿ ಬಿಟ್ಟು ಮುಂದಿನ ವಾರ ಹಬ್ಬ ಮಾಡಿದರೆ ಅಂಕಿ ಕೆಡುತ್ತದೆ.

ಎಎಫ್ ತಾಳವನ್ನು ಸರಿ ಮಾಡಬೇಕೋ, ವೇಗವನ್ನಷ್ಟೇ ಹಿಡಿದಿಟ್ಟು ಬಿಡಬೇಕೋ ಎಂಬ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. 2002ರ ಅಫರ್ಮ್ ಪ್ರಯೋಗದಲ್ಲಿ ತಾಳ ಸರಿಮಾಡಲು ಹೊರಟವರಿಗೆ ಆಯುಷ್ಯದಲ್ಲಿ ಲಾಭ ಕಾಣಲಿಲ್ಲ. 2020ರ ಈಸ್ಟ್ ಪ್ರಯೋಗದಲ್ಲಿ, ಕಾಯಿಲೆ ಕಂಡ ಒಂದು ವರ್ಷದೊಳಗೇ ಶುರು ಮಾಡಿದರೆ ಲಾಭವಿದೆ ಎಂದು ಕಂಡಿತು. ಇವೆರಡಕ್ಕೂ ಮುಂಚೆಯೇ ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಗೇರ್ ತಂಡ 1998ರಲ್ಲಿ ಎಎಫ್ ಹೊತ್ತಿಸುವ ಬಡಿತಗಳು ಬಹುಪಾಲು ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಲ್ಲಿ ಹುಟ್ಟುತ್ತವೆ ಎಂದು ಕಂಡುಹಿಡಿದಿತ್ತು. ಈಗ ಆ ಬಾಯಿಗಳ ಸುತ್ತ ಸುಟ್ಟು ಬೇಲಿ ಹಾಕುತ್ತಾರೆ. ಎಸ್‌ವಿಟಿಯಷ್ಟು ಖಾತ್ರಿಯಿಲ್ಲ, ಎರಡನೇ ಸಲ ಬಂದವರಿದ್ದಾರೆ.

ನಿಧಾನವಾದ ಹೃದಯಕ್ಕೆ ಮಾತ್ರ ಮಾತ್ರೆಯಲ್ಲಿ ಉತ್ತರವಿಲ್ಲ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಬಳಿ ಆರ್ನೆ ಲಾರ್ಸನ್ ಎಂಬವರಿಗೆ ಮೊದಲ ಸಲ ಪೇಸ್‌ಮೇಕರನ್ನು ಮೈಯೊಳಗೇ ಇಟ್ಟರು. ದಿನಕ್ಕೆ ಹಲವಾರು ಸಲ ಹೃದಯ ನಿಂತು ಪ್ರಜ್ಞೆ ತಪ್ಪುತ್ತಿದ್ದ ಗಂಡನಿಗಾಗಿ ಹೆಂಡತಿ ಎಲ್ಸೆ ಮರೀ ಎಂಜಿನಿಯರ್ ಎಲ್ಮ್‌ಕ್ವಿಸ್ಟ್, ಸರ್ಜನ್ ಸೆನಿಂಗ್ ಇಬ್ಬರನ್ನೂ ಬೆನ್ನು ಬಿಡದೆ ಕಾಡಿ ಮಾಡಿಸಿದ್ದು ಅದು. ಮೊದಲನೆಯದು ಕೆಲವೇ ಗಂಟೆ ಬಾಳಿತು. ಲಾರ್ಸನ್ ಮಾತ್ರ 26 ಪೇಸ್‌ಮೇಕರ್ ಸವೆಸಿ, ಎಂಜಿನಿಯರನ್ನೂ ಸರ್ಜನ್ನನ್ನೂ ಮೀರಿ ಬದುಕಿ, 86ನೇ ವಯಸ್ಸಿನಲ್ಲಿ 2001ರಲ್ಲಿ ತೀರಿಕೊಂಡರು.

ಪೇಸ್‌ಮೇಕರ್ ಕ್ಲಿನಿಕ್ಕಿನ ಪ್ರಶ್ನೆಗಳಿಗೆ ಒಂದು ಪುಸ್ತಕ ಬರೆಯಬಹುದು. ಮೊಬೈಲ್ ಬಳಸಬಹುದು, ಆದರೆ ಪೇಸ್‌ಮೇಕರಿನ ಮೇಲಿನ ಅಂಗಿ ಜೇಬಿನಲ್ಲಿ ಬೇಡ. ಅರ್ಧ ಅಡಿ ದೂರವಿರಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ. ಮೆಟಲ್ ಡಿಟೆಕ್ಟರ್ ದಾಟಬಹುದು, ಅದಕ್ಕೆ ಒರಗಿ ನಿಲ್ಲಬೇಡಿ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಬೇರೆ. ಬಹಳ ವರ್ಷ ತಂತಿಯನ್ನು ಬಲ ಹೃತ್ಕುಕ್ಷಿಯ ತುದಿಗೇ ಹಾಕುತ್ತಿದ್ದರು. ನಾಡಿ 70, ಇಸಿಜಿಯಲ್ಲಿ ಪ್ರತಿ ಬಡಿತದ ಮುಂದೆ ನೆಟ್ಟಗೆ ಒಂದು ಗೆರೆ, ಎಲ್ಲವೂ ಲೆಕ್ಕಕ್ಕೆ ಸರಿ. ಆದರೆ ವಿದ್ಯುತ್ತು ತನ್ನ ದಾರಿ ಬಿಟ್ಟು ಸ್ನಾಯುವಿನಲ್ಲಿ ತೆವಳುವುದರಿಂದ ಹೃದಯದ ಎರಡು ಬದಿ ಒಟ್ಟಿಗೆ ಹಿಂಡಿಕೊಳ್ಳುವುದಿಲ್ಲ. ಹೀಗೇ ವರ್ಷಾನುಗಟ್ಟಲೆ ಬಡಿದು ಕೆಲವರ ಹೃದಯ ಸೋತಿತು. 2002ರ ಡೇವಿಡ್ ಎಂಬ ಹೆಸರಿನ ಪ್ರಯೋಗ ಇದನ್ನು ಎದುರಿಗಿಟ್ಟ ಮೇಲೆ ತಂತಿಗೆ ಬೇರೆ ಜಾಗದ ಹುಡುಕಾಟ ಶುರುವಾಯಿತು. 2017ರಲ್ಲಿ ಚೀನಾದ ವೆನ್‌ಝೌ ನಗರದ ವೈದ್ಯರು ತಂತಿಯನ್ನು ನಡುಗೋಡೆಯೊಳಗೆ ತಿರುಪಿನಂತೆ ಕೊರೆದು ಎಡ ಕವಲಿಗೇ ಮುಟ್ಟಿಸಿದ್ದನ್ನು ಪ್ರಕಟಿಸಿದರು. ತವಾರ 1906ರಲ್ಲಿ ಬರೆದಿಟ್ಟ ಅದೇ ಕವಲು. ನಮ್ಮಲ್ಲೂ ಈಗ ಹಾಗೆ ಹಾಕುತ್ತಾರೆ. ಅಲ್ಲಿಗೆ ತಂತಿ ಮುಟ್ಟಿದಾಗ ಅಗಲವಾಗಿದ್ದ ಬಡಿತ ಪರದೆಯ ಮೇಲೆ ಕಿರಿದಾಗುತ್ತದೆ. ಕಾಗದ ಸುಂದರವಾದದ್ದಕ್ಕೆ ನಾನು ನಿಜವಾಗಿ ಸಂತೋಷಪಡುವ ಸಂದರ್ಭ ಇದೊಂದೇ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಊರೂರಿನ ಇಸಿಜಿ ಕೋಣೆಗಳ ಮುಂದೆ ಸಾಲು ಹೇಗಿತ್ತೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ನಾರ್ಮಲ್ ಎಂದರೆ ಜನ ಕೈಮುಗಿದು ಹೋಗುತ್ತಿದ್ದರು. ಆ ಹತ್ತು ಸೆಕೆಂಡಿನ ಕಾಗದ ಆ ಹತ್ತು ಸೆಕೆಂಡಿನ ಮಾತಷ್ಟೇ ಹೇಳುತ್ತದೆ. ರಕ್ತನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಅದರಿಂದಲೋ ಬೇರೆ ಕಾರಣದಿಂದಲೋ ಹೃತ್ಕುಕ್ಷಿ ನಡುಗತೊಡಗಿ ರಕ್ತ ಹೊರಡದಿರುವುದು ಹೃದಯ ಸ್ತಂಭನ. ಮೊದಲನೆಯದರಲ್ಲಿ ಎಷ್ಟೋ ಮಂದಿ ಮಾತಾಡುತ್ತಲೇ ಆಸ್ಪತ್ರೆಗೆ ಬರುತ್ತಾರೆ. ಎರಡನೆಯದರಲ್ಲಿ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಎದೆ ಒತ್ತದಿದ್ದರೆ ಬದುಕುವ ಅವಕಾಶ ನಿಮಿಷಕ್ಕೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಅದೇ ವರ್ಷ ಜೂನ್ 12ರಂದು ಕೋಪನ್‌ಹೇಗನ್ನಿನ ಮೈದಾನದಲ್ಲಿ ಕುಸಿದ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಉಳಿದದ್ದು ಅಲ್ಲೇ ಎದೆ ಒತ್ತಿ, ಅಲ್ಲೇ ಶಾಕ್ ಕೊಟ್ಟದ್ದರಿಂದ. ಎದೆ ಒತ್ತುವುದನ್ನು ಕಲಿಯಿರಿ: ನಡು ಎದೆಯಲ್ಲಿ, ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುವ ಹೃದಯ ಜ್ಯೋತಿ ಯೋಜನೆ ಪುನೀತ್ ಹೆಸರಿನಲ್ಲೇ ನಡೆಯುತ್ತಿದೆ. ಐಂತೋವನ್ 1905ರಲ್ಲೇ ಒಂದೂವರೆ ಕಿಲೋಮೀಟರ್ ಟೆಲಿಫೋನ್ ತಂತಿಯಲ್ಲಿ ಆಸ್ಪತ್ರೆಯಿಂದ ತನ್ನ ಪ್ರಯೋಗಾಲಯಕ್ಕೆ ಇಸಿಜಿ ತರಿಸಿಕೊಂಡಿದ್ದ, ಯಂತ್ರ ಹೊರಲು ಆಗದಷ್ಟು ಭಾರ ಎಂಬ ಕಾರಣಕ್ಕೆ.

ಎರಿಕ್ಸನ್‌ಗೆ ಆಮೇಲೆ ಹಾಕಿದ್ದು ಐಸಿಡಿ. ನಡುಕ ಕಂಡೊಡನೆ ಮೈಯೊಳಗಿಂದಲೇ ಶಾಕ್ ಕೊಡುವ ಸಾಧನ. 1980ರಲ್ಲಿ ಅಮೆರಿಕದಲ್ಲಿ ಮಿರೊವ್‌ಸ್ಕಿ ಎಂಬ ವೈದ್ಯರ ತಂಡ ಮೊದಲು ಅದನ್ನು ಅಳವಡಿಸಿತು. ಬೇಕಾದವರಿಗೆ ಅದು ಜೀವದಾನ. ಆದರೆ ಕ್ಯಾನ್ಸರಿನಿಂದಲೋ ಮುಪ್ಪಿನಿಂದಲೋ ಕೊನೆಯ ದಿನಗಳಲ್ಲಿ ಇರುವವರಿಗೆ? ಸಾಯುವ ಹೊತ್ತಿನಲ್ಲಿ ತಾಳ ತಪ್ಪುವುದು ಸಹಜ. ಐಸಿಡಿಗೆ ಅದು ತಿಳಿಯದು; ಹೊಡೆಯುತ್ತದೆ, ಮತ್ತೆ ಹೊಡೆಯುತ್ತದೆ. ಅದರ ಶಾಕ್ ಭಾಗವನ್ನು ಮಾತ್ರ ನಿಲ್ಲಿಸಬಹುದು, ಪೇಸ್‌ಮೇಕರ್ ಭಾಗ ಹಾಗೇ ಉಳಿಯುತ್ತದೆ. ಎದೆಯ ಮೇಲೆ ಪ್ರೋಗ್ರಾಮರ್ ಎಂಬ ಉಪಕರಣ ಇಟ್ಟು ಒಂದು ಗುಂಡಿ ಒತ್ತಿದರಾಯಿತು. ಅದಕ್ಕೂ ಮುಂಚೆ ಡಾಕ್ಟರು ಮನೆಯವರನ್ನು ಕೂರಿಸಿಕೊಂಡು ಮಾತಾಡುವುದೇ ಗಂಟೆಗಟ್ಟಲೆ. 'ಇದನ್ನ ಆಫ್ ಮಾಡಿದ್ರೆ ಅಪ್ಪ ಈಗ್ಲೇ ಹೋಗ್ಬಿಡ್ತಾರಾ?' ಇಲ್ಲ. ಮಲಗಿದವರು ಇನ್ನೂ ಮಾತಾಡುವ ಸ್ಥಿತಿಯಲ್ಲಿರುವಾಗಲೇ ಕೇಳಿ ತೀರ್ಮಾನಿಸಿದರೆ ಎಲ್ಲರಿಗೂ ಒಳ್ಳೆಯದು.

ಕೊನೆಗೆ, ಯಾರೂ ಕೇಳಲು ಇಷ್ಟಪಡದ, ಆದರೆ ಕೇಳಲೇಬೇಕಾದ ಇನ್ನೊಂದು ಮಾತು. ತೀರಿಕೊಂಡವರನ್ನು ಸುಡುವ ಪದ್ಧತಿಯಿರುವ ಮನೆಯವರು ಅದಕ್ಕೆ ಮೊದಲು ಪೇಸ್‌ಮೇಕರ್ ತೆಗೆಸಬೇಕು, ಬೆಂಕಿಯ ಬಿಸಿಗೆ ಬ್ಯಾಟರಿ ಸಿಡಿಯುತ್ತದೆ. 1976ರಲ್ಲಿ ಇಂಗ್ಲೆಂಡಿನ ಸಾಲಿಹಲ್ ಚಿತಾಗಾರದಲ್ಲಿ ಸಿಡಿದದ್ದು ಮೊದಲು ದಾಖಲಾದ ಪ್ರಕರಣ. ಹೂಳುವವರಿಗೆ ಈ ತಾಪತ್ರಯವಿಲ್ಲ. ಕಾಲರ್ ಮೂಳೆಯ ಕೆಳಗೆ ಸಣ್ಣದೊಂದು ಗಾಯ ಮಾಡಿದರೆ ಕೆಲವೇ ನಿಮಿಷದ ಕೆಲಸ. ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರೆ ಅಲ್ಲೇ ಕೇಳಿ ಮಾಡಿಸಿಕೊಳ್ಳಿ. ಐಸಿಡಿಯಾದರೆ ಮೊದಲು ಟೆಕ್ನಿಷಿಯನ್ ಕರೆಸಿ ಅದನ್ನು ಆಫ್ ಮಾಡಿಸಬೇಕು, ಇಲ್ಲದಿದ್ದರೆ ತಂತಿ ಕತ್ತರಿಸುವವರ ಕೈಗೆ ಶಾಕ್ ಹೊಡೆಯಬಹುದು.